ಪಿಕಪ್ಪೂ ಬೇಕು, ಆವರೇಜೂ ಬೇಕು: ಕಲಬುರಗಿಯ ರಸ್ತೆಗಳಿಗೆ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಆರಿಸುವ ಬಗೆ

ಒಂದು ಲೀಟರ್ ಎಂಜಿನ್ನಿನ ನಮ್ಮ ಮನೆಯ ಕಾರಿಗೆ ಈ ವರ್ಷ ಹದಿನೈದು ತುಂಬುತ್ತದೆ. ಅದರ ನೋಂದಣಿಯನ್ನು ನವೀಕರಿಸಲು ಅಡ್ಡಿಯೇನೂ ಇಲ್ಲ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಆಗಿದೆ, ಅದನ್ನು ಕಟ್ಟಿ, ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು ತೋರಿಸಿದರೆ ಇನ್ನೈದು ವರ್ಷ ಓಡಿಸಬಹುದು. ಆದರೆ ಕಬ್ಬಿನ ಹಂಗಾಮಿನಲ್ಲಿ ಕಮಲಾಪುರದ ಕಡೆಗೋ ಆಳಂದದ ಕಡೆಗೋ ಹೊರಟಾಗ, ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್, ಅದರ ಮುಂದೆ ಸಿಮೆಂಟ್ ತುಂಬಿದ ಲಾರಿ, ಅದರ ಮುಂದೆ ಮತ್ತೊಂದು ಟ್ರ್ಯಾಕ್ಟರ್ ಇರುವ ಸಾಲಿನ ಹಿಂದೆ ಎಸಿ ಆರಿಸಿ, ಗೇರ್ ಇಳಿಸಿ, ಎದುರಿನ ರಸ್ತೆ ಖಾಲಿಯಾಗುವುದನ್ನು ಕಾಯುತ್ತ ಕೂರುವುದು ಈಗ ಸಾಕಾಗಿದೆ. ಹಾಗೆಂದು ಲೀಟರಿಗೆ ಹತ್ತು ಕಿಲೋಮೀಟರ್ ಕೊಡುವ ಗಾಡಿಯನ್ನು ಸಾಕುವ ಶಕ್ತಿಯೂ ಇಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪಿಕಪ್ಪೂ ಬೇಕು, ಆವರೇಜೂ ಬೇಕು. ಐದಾರು ಲಕ್ಷದ ಅಂದಾಜಿನಲ್ಲಿ ಇವೆರಡನ್ನೂ ಕೊಡುವ ಹಳೆಯ ಹ್ಯಾಚ್‌ಬ್ಯಾಕ್ ಯಾವುದು ಎಂದು ನಾಲ್ಕು ತಿಂಗಳು ಹುಡುಕಿದ ಮೇಲೆ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಿಕಪ್ ಎಂದರೇನು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಜಾಹೀರಾತಿನಲ್ಲಿ ಬರುವ ಸೊನ್ನೆಯಿಂದ ನೂರರ ಲೆಕ್ಕ ನಮ್ಮ ರಸ್ತೆಗೆ ಹೆಚ್ಚು ಉಪಯೋಗವಿಲ್ಲ. ನಮ್ಮೂರಿನ ಹುಮನಾಬಾದ್ ಬೇಸ್‌ನ ಸಿಗ್ನಲ್ಲಿನಲ್ಲಿ ಯಾರೊಂದಿಗೂ ನಮಗೆ ಪಂದ್ಯವಿಲ್ಲ. ನಮಗೆ ಬೇಕಾದದ್ದು ಗಂಟೆಗೆ ಐವತ್ತರಲ್ಲಿ ಹೋಗುವ ಲಾರಿಯ ಹಿಂದಿನಿಂದ ಹೊರಬಂದು, ತೊಂಬತ್ತರ ಆಸುಪಾಸಿಗೆ ಬೇಗ ಮುಟ್ಟಿ, ಮತ್ತೆ ಎಡಕ್ಕೆ ಸೇರುವ ಶಕ್ತಿ. ಲಾರಿಯ ಉದ್ದ, ಅದರ ಹಿಂದೆ ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ ಐವತ್ತು ಮೀಟರ್ ಎಂದು ಹಿಡಿಯೋಣ. ಪ್ರತಿ ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಹೆಚ್ಚಿಸಿಕೊಳ್ಳುವ ಕಾರಿಗೆ ಇದಕ್ಕೆ ಹತ್ತು ಸೆಕೆಂಡ್ ಬೇಕು. ಒಂದೂವರೆ ಮೀಟರಿನಷ್ಟು ಹೆಚ್ಚಿಸಿಕೊಳ್ಳುವ ಕಾರಿಗೆ ಎಂಟು ಸೆಕೆಂಡಿಗೆ ತುಸು ಮೇಲೆ. ಎರಡು ಸೆಕೆಂಡಿನ ವ್ಯತ್ಯಾಸ ಸಣ್ಣದೆಂದು ಕಾಣಬಹುದು. ಆದರೆ ಎದುರಿನಿಂದ ಎಂಬತ್ತರ ವೇಗದಲ್ಲಿ ಬಸ್ಸೊಂದು ಬರುತ್ತಿದ್ದರೆ ಮೊದಲ ಕಾರಿಗೆ ಸುಮಾರು 410 ಮೀಟರ್ ಖಾಲಿ ರಸ್ತೆ ಬೇಕಾಗುತ್ತದೆ, ಎರಡನೆಯದಕ್ಕೆ 345 ಮೀಟರ್ ಸಾಕಾಗುತ್ತದೆ. ಆ ಅರವತ್ತೈದು ಮೀಟರಿಗಾಗಿಯೇ ನಾನು ಹಣ ಕೊಡಲು ಸಿದ್ಧನಾದದ್ದು. ಇದನ್ನು ಹೆಚ್ಚು ವೇಗವಾಗಿ ಓಡಿಸಲು ಸಿಕ್ಕ ಪರವಾನಗಿ ಎಂದು ಮನೆಯ ಹುಡುಗರು ತಿಳಿಯದಿರಲಿ ಎಂದೂ ಹೇಳಬೇಕಾಯಿತು.

ಆವರೇಜಿನ ವಿಷಯಕ್ಕೂ ಅಷ್ಟೇ ನಿಷ್ಠುರವಾದ ಲೆಕ್ಕ ಬೇಕು. ಕಂಪನಿಗಳು ಹೇಳುವ ಎಆರ್‌ಎಐ (ವಾಹನ ಪರೀಕ್ಷಿಸುವ ಸಂಸ್ಥೆ) ಅಂಕಿ ಪ್ರಯೋಗಾಲಯದ ಉರುಳೆಗಳ ಮೇಲೆ ಬಂದದ್ದು; ಮೇ ತಿಂಗಳಿನ ನಲವತ್ತಮೂರು ಡಿಗ್ರಿಯಲ್ಲಿ ಎಸಿ ಹಾಕಿ ನಾಲ್ಕು ಜನ ಕೂತ ಕಾರಿನಲ್ಲಿ ಬಂದದ್ದಲ್ಲ. ಅದರಲ್ಲಿ ಕಾಲು ಭಾಗ ಕಳೆದು ಲೆಕ್ಕ ಹಾಕುವುದು ನನ್ನ ರೂಢಿ. ಪೆಟ್ರೋಲಿಗೆ ಲೀಟರಿಗೆ 103 ರೂಪಾಯಿ ಎಂದು ಹಿಡಿದು, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ, ಹದಿನೇಳರ ಆವರೇಜ್ ಕೊಡುವ ಕಾರಿಗೆ ಸುಮಾರು 6,060 ರೂಪಾಯಿ, ಹದಿನಾಲ್ಕು ಕೊಡುವ ಕಾರಿಗೆ ಸುಮಾರು 7,360 ರೂಪಾಯಿ ಖರ್ಚಾಗುತ್ತದೆ. ವರ್ಷಕ್ಕೆ ವ್ಯತ್ಯಾಸ ಹದಿನೈದೂವರೆ ಸಾವಿರ. ಈ ಮೊತ್ತವನ್ನು ನೆನಪಿನಲ್ಲಿಡಿ, ಏಕೆಂದರೆ ಗೇರ್‌ಬಾಕ್ಸ್ ಒಂದು ಕೆಟ್ಟರೆ ಇದರ ಹಲವು ಪಟ್ಟು ಒಂದೇ ಸಲಕ್ಕೆ ಹೋಗುತ್ತದೆ.

ಹಗುರ ಗಾಡಿಯ ದಾರಿ

ಪಿಕಪ್ ಪಡೆಯಲು ಎರಡು ದಾರಿಗಳಿವೆ: ಎಂಜಿನ್ನಿನ ಬಲ ಹೆಚ್ಚಿಸುವುದು ಅಥವಾ ಗಾಡಿಯ ತೂಕ ಇಳಿಸುವುದು. ಮಾರುತಿಯ ಸ್ವಿಫ್ಟ್ ಎರಡನೆಯ ದಾರಿಯದು. 2018ರ ಆರಂಭದಲ್ಲಿ ಬಂದ ಮೂರನೆಯ ಪೀಳಿಗೆಯ ಪೆಟ್ರೋಲ್ ಸ್ವಿಫ್ಟ್‌ನ 1.2 ಲೀಟರ್ ಎಂಜಿನ್ 83 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, 113 ಎನ್ಎಂ ಟಾರ್ಕ್ (ಎಂಜಿನ್ನಿನ ತಿರುಗುಬಲ) ಕೊಡುತ್ತದೆ, ತೂಕವಾದರೋ ಒಂಬೈನೂರು ಕಿಲೋದೊಳಗೇ ಇದೆ. 2021ರಲ್ಲಿ ಇದಕ್ಕೆ 90 ಪಿಎಸ್‌ನ ಡ್ಯುಯಲ್‌ಜೆಟ್ ಎಂಜಿನ್ ಬಂದು, ಎಆರ್‌ಎಐ ಆವರೇಜ್ ಮ್ಯಾನುಯಲ್‌ನಲ್ಲಿ 23.2ಕ್ಕೆ ಏರಿತು. ಕಾಲು ಭಾಗ ಕಳೆದರೂ ಹದಿನೇಳು ಉಳಿಯುತ್ತದೆ. ಎರಡೂ ಸಿಗುವಂತಿದ್ದರೆ 2021ರ ನಂತರದ್ದನ್ನೇ ನೋಡಿ.

ಸ್ವಿಫ್ಟ್ ಓಡಿಸುವವರು ತಿಳಿದಿರಬೇಕಾದ ಒಂದು ಮಾತು: ಅದರ ಪೂರ್ತಿ ಟಾರ್ಕ್ ಬರುವುದು ನಾಲ್ಕು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತುಗಳು) ದಾಟಿದ ಮೇಲೆ. ಐದನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಲಾರಿ ದಾಟುವೆನೆಂದರೆ ಅದು ನಮ್ಮ ಹಳೆಯ ಕಾರಿನಂತೆಯೇ ಉಸಿರುಗಟ್ಟುತ್ತದೆ. ಮೂರನೆಯ ಗೇರಿಗೆ ಇಳಿಸಿ, ಎಂಜಿನ್ ಕೂಗುವುದಕ್ಕೆ ಬಿಟ್ಟರೆ ಅದೇ ಗಾಡಿ ಚಿಗರೆಯಂತೆ ಜಿಗಿಯುತ್ತದೆ. ಗೇರ್ ಬದಲಿಸಲು ಬೇಸರಪಡುವವರಿಗೆ ಈ ಕಾರು ಸರಿಹೊಂದುವುದಿಲ್ಲ. ಅಂಥವರಿಗೆಂದೇ ಇರುವ, ಗೇರ್ ತಾನೇ ಬದಲಿಸಿಕೊಳ್ಳುವ ಎಎಂಟಿ ಸ್ವಿಫ್ಟ್ ಊರೊಳಗೆ ಬಹಳ ಹಿತವಾಗಿದೆ, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸಂದಣಿಯಲ್ಲಿ ಎಡಗಾಲಿಗೆ ವಿಶ್ರಾಂತಿ ಸಿಗುತ್ತದೆ. ಆದರೆ ದಾಟುವ ಹೊತ್ತಿನಲ್ಲಿ ಗೇರ್ ಇಳಿಸಲು ಅದು ತೆಗೆದುಕೊಳ್ಳುವ ಒಂದು ಕ್ಷಣದ ತಡವೇ ಮೇಲೆ ಹೇಳಿದ ಎರಡು ಸೆಕೆಂಡಿನ ಅರ್ಧವನ್ನು ನುಂಗಿಬಿಡುತ್ತದೆ.

ಸ್ವಿಫ್ಟ್‌ನ ದುರ್ಬಲ ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಗ್ಲೋಬಲ್ ಎನ್‌ಕ್ಯಾಪ್‌ನ ಡಿಕ್ಕಿ ಪರೀಕ್ಷೆಯಲ್ಲಿ ಈ ಪೀಳಿಗೆಗೆ 2018ರಲ್ಲಿ ಎರಡು ನಕ್ಷತ್ರ, ನಿಯಮಗಳು ಬಿಗಿಯಾದ ಮೇಲೆ 2022ರಲ್ಲಿ ಒಂದೇ ನಕ್ಷತ್ರ ದೊರಕಿತು. ಎರಡು ಏರ್‌ಬ್ಯಾಗ್ ಮತ್ತು ಚಕ್ರ ಜಾಮ್ ಆಗದಂತೆ ಬ್ರೇಕ್ ಹಿಡಿಸುವ ಎಬಿಎಸ್ ಎಲ್ಲ ದರ್ಜೆಗಳಲ್ಲೂ ಇವೆ ಎಂಬುದಷ್ಟೇ ಸಮಾಧಾನ. ಅದರ ಹಿಂದಿನ, ಅಂದರೆ 2011ರಿಂದ 2017ರವರೆಗಿನ ಸ್ವಿಫ್ಟ್‌ನ ಅಗ್ಗದ ದರ್ಜೆಗಳಲ್ಲಿ ಅವು ಇಲ್ಲದಿರುವ ಸಂಭವವುಂಟು, ಆದ್ದರಿಂದ ಕಡಿಮೆ ಬೆಲೆಗೆ ಮರುಳಾಗುವ ಮುನ್ನ ಸ್ಟೀರಿಂಗಿನ ಮೇಲೆ ಏನು ಬರೆದಿದೆ ಎಂದು ನೋಡಬೇಕು. ಮಾರುತಿಯದೇ ಬಲೆನೋ ಮತ್ತು ಅದರದೇ ಇನ್ನೊಂದು ಹೆಸರಾದ ಟೊಯೋಟಾ ಗ್ಲಾಂಜಾಗಳಲ್ಲಿ ಇದೇ 1.2 ಎಂಜಿನ್ ಇದ್ದು, ಹಿಂದಿನ ಸೀಟೂ ಸಾಮಾನಿಡುವ ಡಿಕ್ಕಿಯೂ ದೊಡ್ಡವು. ಹಿರಿಯರನ್ನು ಆಸ್ಪತ್ರೆಗೆಂದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಆಗಾಗ ಕರೆದೊಯ್ಯುವ ಮನೆಗಳಿಗೆ ಅವು ಸ್ವಿಫ್ಟ್‌ಗಿಂತ ವಾಸಿ. ಚುರುಕಿನಲ್ಲಿ ಕೂದಲೆಳೆಯಷ್ಟು ಹಿಂದೆ. ಸಿಎನ್‌ಜಿ ಗಾಡಿಗಳ ಮಾತನ್ನು ನಾನು ಇಲ್ಲಿ ಎತ್ತುವುದಿಲ್ಲ. ಅನಿಲದ ಮೇಲೆ ಸ್ವಿಫ್ಟ್‌ನ ಅದೇ 90 ಪಿಎಸ್ ಎಂಜಿನ್ 77.5ಕ್ಕೆ ಇಳಿಯುತ್ತದೆ, ಡಿಕ್ಕಿಯೂ ಹೋಗುತ್ತದೆ.

ಟರ್ಬೊ ದಾರಿ

ನಿಜವಾದ ಪಿಕಪ್ಪಿನ ರುಚಿ ಇರುವುದು ಗಾಳಿಯನ್ನು ಒತ್ತಿ ಒಳತುಂಬುವ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ. ಇವು 1,500ರಿಂದ 2,000 ಆರ್‌ಪಿಎಂ ಒಳಗೇ ಪೂರ್ತಿ ಟಾರ್ಕ್ ಕೊಡುವುದರಿಂದ ದಾಟುವಾಗ ಒಂದು ಗೇರ್ ಇಳಿಸಿದರೆ ಸಾಕು, ಕೆಲವೊಮ್ಮೆ ಅದೂ ಬೇಡ. ಇಲ್ಲಿ ಇನ್ನೊಂದು ಸಣ್ಣ ಲಾಭವಿದೆ. ಸಾವಿರ ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ದರ 2022ರ ಜೂನ್‌ನ ಆದೇಶದಂತೆ 2,094 ರೂಪಾಯಿ, ಅದಕ್ಕಿಂತ ಮೇಲೆ 1,500 ಸಿಸಿವರೆಗೆ 3,416 ರೂಪಾಯಿ. ಹೀಗಾಗಿ ನೂರಕ್ಕೂ ಹೆಚ್ಚು ಪಿಎಸ್ ಶಕ್ತಿಯ ಒಂದು ಲೀಟರಿನ ಟರ್ಬೊ ಕಾರು 83 ಪಿಎಸ್‌ನ ಸ್ವಿಫ್ಟ್‌ಗಿಂತ ಕಡಿಮೆ ದರದ ಸಾಲಿನಲ್ಲಿ ಕೂರುತ್ತದೆ. ಕಾನೂನಿನ ಈ ವಿನೋದವನ್ನು ಯಾರೂ ಮಾರಾಟದ ಮಾತಿನಲ್ಲಿ ಹೇಳುವುದಿಲ್ಲ.

ಬಲೆನೋ ಆರ್‌ಎಸ್ ಬಗ್ಗೆ ನನಗೆ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. 2017ರ ಮಾರ್ಚಿನಲ್ಲಿ ಬಂದು, ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಯಾಗುವ ಹೊತ್ತಿಗೆ ನಿಂತುಹೋದ ಈ ಕಾರಿನಲ್ಲಿ ಒಂದು ಲೀಟರಿನ ಬೂಸ್ಟರ್‌ಜೆಟ್ ಎಂಜಿನ್ 102 ಪಿಎಸ್, 150 ಎನ್ಎಂ ಕೊಡುತ್ತದೆ. ತೂಕ 950 ಕಿಲೋ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಎಆರ್‌ಎಐ ಆವರೇಜ್ 21.1. ಒಂದು ಟನ್ ತೂಕಕ್ಕೆ ಎಷ್ಟು ಟಾರ್ಕ್ ಎಂದು ಭಾಗಿಸಿ ನೋಡಿದರೆ ಪೆಟ್ರೋಲ್ ಸ್ವಿಫ್ಟ್‌ಗೆ ಸುಮಾರು 129 ಬಂದರೆ ಇದಕ್ಕೆ 158 ಬರುತ್ತದೆ, ಅದೂ ಕೆಳಗಿನ ಆರ್‌ಪಿಎಂನಲ್ಲಿಯೇ. ಮಾರಾಟವಾದದ್ದು ಕಡಿಮೆ, ಆದ್ದರಿಂದ ಸಿಗುವುದೂ ಕಡಿಮೆ. ಬಿಡಿಭಾಗದ ಭಯವಿದ್ದವರಿಗೆ ಒಂದು ಮಾತು: 2023ರಲ್ಲಿ ಬಂದ ಮಾರುತಿಯ ಫ್ರಾಂಕ್ಸ್‌ನಲ್ಲಿ ಇದೇ ಕುಟುಂಬದ ಬೂಸ್ಟರ್‌ಜೆಟ್ ಎಂಜಿನ್ ಮರಳಿ ಬಂದಿದೆ, ಹಾಗಾಗಿ ಮೆಕ್ಯಾನಿಕ್‌ಗಳಿಗೆ ಅದು ಈಗ ಅಪರಿಚಿತವಲ್ಲ.

ಹ್ಯುಂಡೈನವರ ಗ್ರ್ಯಾಂಡ್ ಐ10 ನಿಯೋಸ್ ಟರ್ಬೊ ಇನ್ನೊಂದು ಮರೆತುಹೋದ ಗಾಡಿ. 2020ರಲ್ಲಿ ಬಂದ ಇದಕ್ಕೆ 100 ಪಿಎಸ್, 172 ಎನ್ಎಂ, ಐದು ಗೇರಿನ ಮ್ಯಾನುಯಲ್ ಮಾತ್ರ. ಹೊರಗಿನಿಂದ ನೋಡಿದರೆ ಟ್ಯಾಕ್ಸಿಗೂ ಇದಕ್ಕೂ ವ್ಯತ್ಯಾಸ ಕಾಣದು, ಹೀಗಾಗಿ ಬೆಲೆಯಲ್ಲಿ ಚೌಕಾಸಿಗೆ ಜಾಗವಿರುತ್ತದೆ. 2020ರ ನವೆಂಬರಿನಲ್ಲಿ ಬಂದ ಮೂರನೆಯ ಪೀಳಿಗೆಯ ಐ20 ಟರ್ಬೊ ಅದೇ ಟಾರ್ಕನ್ನು 120 ಪಿಎಸ್‌ನೊಂದಿಗೆ ಕೊಡುತ್ತದೆ; ಕ್ಲಚ್ ಪೆಡಲ್ ಇಲ್ಲದೆ ಗೇರ್ ಮಾತ್ರ ಕೈಯಲ್ಲಿ ಬದಲಿಸುವ ಐಎಂಟಿ ಅಥವಾ ಎರಡು ಕ್ಲಚ್ಚುಗಳಿಂದ ತಾನೇ ಗೇರ್ ಬದಲಿಸುವ ಏಳು ಗೇರಿನ ಡಿಸಿಟಿ, ಎರಡರಲ್ಲಿ ಒಂದು. ಗಾಡಿ ವಿಶಾಲವಾಗಿದೆ, ಆದರೆ ನನ್ನ ಅಂದಾಜಿನ ಹಣಕ್ಕೆ ಒಳ್ಳೆಯ ಸ್ಥಿತಿಯದು ಸಿಗುವುದು ಕಷ್ಟ. ಟಾಟಾ ಆಲ್ಟ್ರೋಜ್ ಐಟರ್ಬೊ, 2021ರದ್ದು, 110 ಪಿಎಸ್ ಇದ್ದರೂ 140 ಎನ್ಎಂ ಟಾರ್ಕಿಗೆ ಅದರ ತೂಕ ಹೆಚ್ಚಾಯಿತು. ಎಆರ್‌ಎಐ ಆವರೇಜ್ 18.13, ಅಂದರೆ ನನ್ನ ಲೆಕ್ಕದಲ್ಲಿ ಹದಿಮೂರೂವರೆ. ಆದರೆ 2020ರ ಜನವರಿಯಲ್ಲಿ ಆಲ್ಟ್ರೋಜ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಐದು ನಕ್ಷತ್ರ ಕೊಟ್ಟಿದೆ, ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಓಡಾಡುವವರಿಗೆ ಆ ಒಂದು ಅಂಶವೇ ಉಳಿದೆಲ್ಲದಕ್ಕಿಂತ ದೊಡ್ಡದಾಗಬಹುದು. ಅಂಥವರೊಂದಿಗೆ ನಾನು ವಾದಿಸುವುದಿಲ್ಲ.

ಫೋಕ್ಸ್‌ವ್ಯಾಗನ್ ಪೋಲೊ ಬಗ್ಗೆ ಎಚ್ಚರಿಕೆಯಿಂದ ಮಾತಾಡಬೇಕು, ಏಕೆಂದರೆ ಒಂದೇ ಹೆಸರಿನಡಿ ಎರಡು ಬೇರೆ ಸ್ವಭಾವದ ಕಾರುಗಳಿವೆ. 2013ರಿಂದ ಬಂದ ಜಿಟಿ ಟಿಎಸ್ಐನಲ್ಲಿ 1.2 ಲೀಟರಿನ 105 ಪಿಎಸ್ ಎಂಜಿನ್ನಿಗೆ ಏಳು ಗೇರಿನ ಡಿಎಸ್‌ಜಿ (ಅದೂ ಡಿಸಿಟಿ ಬಗೆಯದೇ) ಜೋಡಿಸಿದ್ದರು. ಒಣ ಕ್ಲಚ್ಚಿನ ಆ ಗೇರ್‌ಬಾಕ್ಸು ಓಡಿಸಲು ಬಹಳ ಸೊಗಸು. ಆದರೆ ಸಂದಣಿಯಲ್ಲಿ ತೆವಳುವಾಗ ಕ್ಲಚ್ ಬಿಸಿಯೇರುತ್ತದೆ, ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಅದರ ಮೆಕಾಟ್ರಾನಿಕ್ ಘಟಕ ಕೆಡುವುದು ಜಗತ್ತಿನಾದ್ಯಂತ ತಿಳಿದ ದೂರು, ದುರಸ್ತಿಯ ಬಿಲ್ಲು ಹಳೆಯ ಕಾರೊಂದರ ಬೆಲೆಯ ಕಡೆಗೆ ನಡೆಯುತ್ತದೆ. ನಮ್ಮ ಬಿಸಿಲಿನಲ್ಲಿ, ಹತ್ತು ವರ್ಷ ಹಳೆಯದಾದ ಅಂಥ ಗಾಡಿಯನ್ನು ಅಗ್ಗವೆಂದು ಕೊಳ್ಳುವುದನ್ನು ನಾನು ಯಾರಿಗೂ ಹೇಳಲಾರೆ. 2020ರ ನಂತರದ ಪೋಲೊ 1.0 ಟಿಎಸ್ಐ ಮ್ಯಾನುಯಲ್ ಬೇರೆಯೇ ಮಾತು: 110 ಪಿಎಸ್, 175 ಎನ್ಎಂ, ಆರು ಗೇರು, ಎಆರ್‌ಎಐ 18.24. ನೂರರ ವೇಗದಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹೋಗುತ್ತದೆ. ಹಿಂದಿನ ಸೀಟು ಇಕ್ಕಟ್ಟು. 2022ರಲ್ಲಿ ಅದರ ತಯಾರಿಕೆ ನಿಂತ ಮೇಲೆ ಅಭಿಮಾನಿಗಳು ಬೆಲೆ ಇಳಿಯಲು ಬಿಟ್ಟಿಲ್ಲ.

ಡೀಸೆಲ್ ಬೇಕೇ?

ತಿಂಗಳಿಗೆ ಸಾವಿರದೈನೂರು ಕಿಲೋಮೀಟರ್ ಮೀರಿ ಓಡಿಸುವವರು, ಉದಾಹರಣೆಗೆ ಕಲಬುರಗಿಯಲ್ಲಿ ಮನೆ, ಯಾದಗಿರಿಯಲ್ಲಿ ನೌಕರಿ ಇದ್ದು ವಾರಕ್ಕೆ ಎರಡು ಮೂರು ಸಲ ಹೋಗಿಬರುವವರು, ಡೀಸೆಲನ್ನು ತಳ್ಳಿಹಾಕಬಾರದು. ಮೂರನೆಯ ಪೀಳಿಗೆಯ ಸ್ವಿಫ್ಟ್‌ನ 1.3 ಡೀಸೆಲ್ 75 ಪಿಎಸ್ ಅಷ್ಟೇ, ಆದರೆ 190 ಎನ್ಎಂ ಟಾರ್ಕ್, ಎಆರ್‌ಎಐ 28.4. ಎರಡು ಸಾವಿರ ಆರ್‌ಪಿಎಂ ಕೆಳಗೆ ಅದು ನಿದ್ದೆ ಮಾಡುತ್ತದೆ, ಮೇಲೆ ಒಮ್ಮೆಗೇ ಎದ್ದು ಎಳೆಯುತ್ತದೆ, ಆ ಲಯಕ್ಕೆ ಕಾಲು ಒಗ್ಗಬೇಕು. 2020ರ ಏಪ್ರಿಲ್‌ನಿಂದ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿದ್ದರಿಂದ ಎಳೆಯ ಗಾಡಿಗೂ ಐದು ವರ್ಷ ಮೀರಿದೆ. ಫೋರ್ಡ್ ಫಿಗೊದ 1.5 ಡೀಸೆಲ್ ಈ ಇಡೀ ಪಟ್ಟಿಯಲ್ಲೇ ಹಣಕ್ಕೆ ಅತಿ ಹೆಚ್ಚು ಪಿಕಪ್ ಕೊಡುವ ಕಾರು: 100 ಪಿಎಸ್, 215 ಎನ್ಎಂ, ಎಆರ್‌ಎಐ 25.83. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಂದಿನಿಂದ ಅದರ ಬೆಲೆ ಕುಸಿದಿದೆ. ಆ ಎಂಜಿನ್ ಬಲ್ಲ ಮೆಕ್ಯಾನಿಕ್ ನಿಮ್ಮ ಪರಿಚಯದಲ್ಲಿದ್ದರೆ ಮಾತ್ರ, ಮತ್ತು ಬಿಡಿಭಾಗ ಎಲ್ಲಿಂದ ತರಿಸುತ್ತಾನೆಂದು ಅವನನ್ನು ಮೊದಲೇ ಕೇಳಿಕೊಂಡು, ಅದಕ್ಕೆ ಕೈಹಾಕಿ. ಬಿಎಸ್6 ಡೀಸೆಲ್‌ಗಳ ಹೊಗೆಯ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಜಾಲರಿ ಇರುತ್ತದೆ. ಮನೆಯಿಂದ ಕೋರ್ಟ್ ರೋಡಿನವರೆಗೆ ಮಾತ್ರ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ.

ಪೆಟ್ರೋಲ್ ಕಡೆಗೂ ಒಂದು ಹೊಸ ಲೆಕ್ಕ ಸೇರಿದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಇಂಧನ. 2023ರ ಏಪ್ರಿಲ್‌ಗಿಂತ ಹಿಂದಿನ ಬಹುಪಾಲು ಕಾರುಗಳನ್ನು ಶೇಕಡಾ 10ಕ್ಕೆ ಹೊಂದಿಸಿ ಮಾಡಲಾಗಿತ್ತು. ಎಥೆನಾಲ್‌ನಲ್ಲಿ ಶಾಖದ ಅಂಶ ಕಡಿಮೆ, ಹಾಗಾಗಿ ಹಳೆಯ ವಿನ್ಯಾಸದ ಕಾರುಗಳಲ್ಲಿ ಆವರೇಜ್ ಶೇಕಡಾ 6ರಿಂದ 7ರವರೆಗೆ ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಹೇಳಿದೆ. ಆವರೇಜ್ ಹದಿನೇಳು ಎಂದುಕೊಂಡದ್ದು ಹದಿನಾರರ ಹತ್ತಿರ ಬಂದರೆ ಗಾಡಿ ಮಾರಿದವನನ್ನು ಬೈಯಬೇಡಿ.

ಹೈದರಾಬಾದಿನ ಆಸೆ

ಕಲಬುರಗಿ, ಬೀದರ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳವರಿಗೆ ಹಳೆಯ ಕಾರೆಂದರೆ ಕಣ್ಣು ಹೋಗುವುದು ಹೈದರಾಬಾದಿನ ಕಡೆಗೆ. ಆಯ್ಕೆ ಹೆಚ್ಚು, ಬೆಲೆಯೂ ಹಗುರ, ಬೀದರಿನವರಿಗಂತೂ ಜಹೀರಾಬಾದ್ ದಾಟಿದರೆ ಊರು ಬಂದೇಬಿಟ್ಟಿತು. ಆದರೆ ಆ ಹಗುರ ಬೆಲೆಯ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು, ಕಾರಿನ ವಯಸ್ಸಿಗೆ ತಕ್ಕಂತೆ, ಮತ್ತೆ ಕಟ್ಟಬೇಕು. ನಮೂನೆ 28ರಲ್ಲಿ ಅಲ್ಲಿಯ ಆರ್‌ಟಿಓದಿಂದ ಎನ್ಓಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಸಾಲವಿದ್ದ ಗಾಡಿಯಾದರೆ ನಮೂನೆ 35ರೊಂದಿಗೆ ಬ್ಯಾಂಕಿನ ಪತ್ರವೂ ಬೇಕು. ಬೇರೆ ರಾಜ್ಯದ ನಂಬರಿನಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಓಡಿಸಲು ಮೋಟಾರು ವಾಹನ ಕಾಯ್ದೆ ಒಪ್ಪುವುದಿಲ್ಲ. ಮೊದಲ ಸುತ್ತಿನಲ್ಲಿ ನಾನೂ ಅಲ್ಲಿಯ ಒಬ್ಬ ಮಾರಾಟಗಾರನಿಗೆ ಮುಂಗಡ ಕೊಟ್ಟು ಬಂದಿದ್ದೆ. ಎನ್ಓಸಿ ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಏಳು ವಾರ ಕಳೆದ ಮೇಲೆ, ಗಾಡಿಯ ಮೇಲಿನ ಸಾಲವೇ ತೀರಿಲ್ಲವೆಂದು ತಿಳಿಯಿತು. ಮುಂಗಡ ವಾಪಸು ಬರಲು ಎರಡು ಸಲ ಬಸ್ಸು ಹತ್ತಬೇಕಾಯಿತು. ಪರಿವಾಹನ್ ಜಾಲತಾಣದಲ್ಲಿ ಸಾಲದ ನಮೂದು, ವಿಮೆ, ಬಾಕಿ ಚಲನ್ ಎಲ್ಲವೂ ಎರಡು ನಿಮಿಷದಲ್ಲಿ ಕಾಣುತ್ತವೆ. ಅದನ್ನು ಹಣ ಕೊಡುವ ಮೊದಲು ನೋಡಬೇಕಿತ್ತು.

ಅಲ್ಲಿಂದಲೇ ತರುವುದಾದರೆ ನೀರಿನ ಗುರುತು ಹುಡುಕಿ. 2020ರ ಅಕ್ಟೋಬರಿನ ಮಳೆಯಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿದವು, ಅದೇ ತಿಂಗಳು ನಮ್ಮಲ್ಲಿ ಭೀಮೆಯೂ ಉಕ್ಕಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಣಗಿದ ಕೆಸರಿನ ಗೆರೆ ಕಾಣಬಹುದು. ಸೀಟಿನ ಕೆಳಗಿನ ಹಳಿಯಲ್ಲಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ಅಡಗಿರುತ್ತದೆ. ಸ್ಥಳೀಯ ಗಾಡಿಯಾದರೆ ಬೇರೆ ಬಗೆಯ ಪರೀಕ್ಷೆ. ಸಿಮೆಂಟಿನ ಊರುಗಳಾದ ಸೇಡಂ, ವಾಡಿ, ಶಹಾಬಾದ್ ಕಡೆ ಓಡಿದ ಕಾರಿನ ಏರ್ ಫಿಲ್ಟರ್ ತೆಗೆದು ಬಡಿದರೆ ಬರುವ ಬಿಳಿ ಧೂಳು, ಸರ್ವಿಸ್ ಪುಸ್ತಕಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ. ಟರ್ಬೊ ಗಾಡಿಯಾದರೆ ಆಯಿಲ್ ಬದಲಿಸಿದ ಬಿಲ್ಲುಗಳಿಲ್ಲದೆ ಮಾತೇ ಬೇಡ. ಟೈರಿನ ಅಂಚಿನ ನಾಲ್ಕು ಅಂಕಿಗಳಲ್ಲಿ 2319 ಎಂದಿದ್ದರೆ ಅದು 2019ರ ಇಪ್ಪತ್ತಮೂರನೆಯ ವಾರದ್ದು. ಗೆರೆ ಎಷ್ಟೇ ಉಳಿದಿದ್ದರೂ ನಮ್ಮ ಬಿಸಿಲಿಗೆ ಆ ರಬ್ಬರ್ ಗಟ್ಟಿಯಾಗಿರುತ್ತದೆ, ನಾಲ್ಕು ಹೊಸ ಟೈರಿನ ಹಣವನ್ನು ಬೆಲೆಯಿಂದ ಕಳೆಯಿರಿ.

ಓಡಿಸಿ ನೋಡುವುದು ಬೆಳಗಿನ ತಂಪಿನಲ್ಲಿ ಬೇಡ, ಮಧ್ಯಾಹ್ನ ಎರಡಕ್ಕೆ ಹೋಗಿ. ಎಸಿ ಹಾಕಿ, ಇನ್ನಿಬ್ಬರನ್ನು ಕೂರಿಸಿಕೊಂಡು, ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ. ಗಾಳಿ ತಂಪಾಗಿಯೇ ಬರುತ್ತಿದ್ದರೆ ರೇಡಿಯೇಟರ್ ಫ್ಯಾನ್, ಕಂಪ್ರೆಸರ್ ಎರಡೂ ಸುಸ್ಥಿತಿಯಲ್ಲಿವೆ. ಆಮೇಲೆ ಊರ ಹೊರಗಿನ ಖಾಲಿ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ನಲವತ್ತರಿಂದ ಎಂಬತ್ತಕ್ಕೆ ಏರಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಅಳೆಯಲಿ. ಇದೇ ಅಳತೆಯನ್ನು ಮೊದಲು ನಿಮ್ಮ ಹಳೆಯ ಕಾರಿನಲ್ಲಿ ಮಾಡಿಟ್ಟುಕೊಂಡಿದ್ದರೆ ಯಾರ ಮಾತನ್ನೂ ನಂಬುವ ಅಗತ್ಯ ಬೀಳುವುದಿಲ್ಲ.

ಬೆಲೆಯ ಮಾತಿಗೆ ಕೂರುವಾಗ ಎರಡು ಸಂಗತಿ ಕೈಯಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದು ಹೊಸ ಕಾರುಗಳೇ ಅಗ್ಗವಾಗಿರುವಾಗ, ಅದಕ್ಕೆ ಮುಂಚಿನ ಇನ್‌ವಾಯ್ಸ್ ತೋರಿಸಿ ಹಳೆಯ ಗಾಡಿಗೆ ಬೆಲೆ ಕಟ್ಟುವುದನ್ನು ಒಪ್ಪಬೇಕಿಲ್ಲ. ಎರಡನೆಯದು, ಮಾರುವವನ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ) ಗಾಡಿಯೊಂದಿಗೆ ಬರುವುದಿಲ್ಲ. ಆದರೆ ನಿಮ್ಮ ಹಳೆಯ ಕಾರನ್ನು ಮಾರಿದಾಗ ವಿಮಾ ಕಂಪನಿಯಿಂದ ಪತ್ರ ಪಡೆದರೆ ನಿಮ್ಮದೇ ಬೋನಸ್ ಹೊಸ ಗಾಡಿಗೆ ಸಲ್ಲುತ್ತದೆ.

ಕೊನೆಗೆ ನಾನು ಕೊಂಡದ್ದು ಬೀದರಿನ ಕೆಎ-38 ನಂಬರಿನ, ಒಬ್ಬರೇ ಓಡಿಸಿದ, 2021ರ ಪೆಟ್ರೋಲ್ ಸ್ವಿಫ್ಟ್ ಮ್ಯಾನುಯಲ್. ನಮ್ಮ ಕಲಬುರಗಿಯದೇ ಕೆಎ-32ರ ನಿಯೋಸ್ ಟರ್ಬೊ ಒಂದನ್ನು ಎರಡು ಸಲ ಓಡಿಸಿ ನೋಡಿದ್ದೆ, ಮನಸ್ಸು ಅಲ್ಲಿಯೇ ಇತ್ತು, ಆದರೆ ಅದರ ಆಯಿಲ್ ಬಿಲ್ಲುಗಳು ಎರಡು ವರ್ಷ ಕಾಣೆಯಾಗಿದ್ದವು. ಬಿಲ್ಲುಗಳು ಪೂರ್ತಿ ಇದ್ದ ಬಲೆನೋ ಆರ್‌ಎಸ್ ಸಿಕ್ಕಿದ್ದರೆ ಈ ಬರಹದ ಕೊನೆ ಬೇರೆಯಾಗುತ್ತಿತ್ತು. ಮಾಲೀಕತ್ವ ವರ್ಗಾವಣೆಯ ನಮೂನೆ 29, 30 ಸಹಿ ಹಾಕಿಸಿ ಬೀದರಿನಿಂದ ಹುಮನಾಬಾದ್ ಮೇಲೆ ಗಾಡಿ ತರುವಾಗ ಕಮಲಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು; ಮೂರನೆಯ ಗೇರಿಗೆ ಇಳಿಸಿದೆ, ಎಸಿ ಆರಿಸಲಿಲ್ಲ.